ದುಬೈಯ ಡುಕಾಟಿ ಊರಿಗೆ ಬೇಡ

ದುಬೈಯಲ್ಲಿ ಮಾರಾಟಕ್ಕಿರುವ 1995ರ ಇಟಲಿ ಬೈಕು ಡುಕಾಟಿ 916ರ ಫೋಟೋ ಕಳಿಸಿ, "ಊರಿಗೆ ತರಲಾ?" ಎಂದು ಭಾವ ಕೇಳಿದರು. ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ನನಗೆ ಅವತ್ತು ನಿದ್ದೆ ಬರಲಿಲ್ಲ. ಮಾಸ್ಸಿಮೊ ತಂಬುರಿನಿ ರೂಪಿಸಿದ ಗಾಡಿ. ಸೈಲೆನ್ಸರ್ ಎರಡೂ ಸೀಟಿನಡಿ, ವಾಲ್ವ್ ತೆರೆಯಲು ಮಾತ್ರವಲ್ಲ, ಮುಚ್ಚಲೂ ರಾಕರ್.

ಆದರೂ ಬೇಡವೆಂದೆ. ಮೂರು ವರ್ಷಕ್ಕಿಂತ ಹಳೆಯದಾದ ಇಂಥ ಸೆಕೆಂಡ್ ಹ್ಯಾಂಡ್ ಗಾಡಿಯನ್ನು ನಮ್ಮ ಆಮದು ನಿಯಮ ಒಳಗೆ ಬಿಡುವುದಿಲ್ಲ. ಯಾರೋ ಏಜೆಂಟ್ "ಬಿಚ್ಚಿ ಪಾರ್ಟ್ಸ್ ಅಂತ ಕಳಿಸೋಣ" ಎಂದನಂತೆ. ಅದು ಕಸ್ಟಮ್ಸ್‌ಗೆ ಮೋಸ. ನಂಬರ್ ಸಿಗದ ಬೈಕನ್ನು ಅಂಗಳದಲ್ಲಿ ನಿಲ್ಲಿಸಲು ಗಲ್ಫಿನ ದುಡಿಮೆ ಸುರಿಯಬೇಕೇ?

ಭಾವ, ಅಲ್ಲೇ ಓಡಿಸುವುದಾದರೆ ಕೊಳ್ಳಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದೆಂದು ಮೊದಲು ಕೇಳಿ. ಅದು ತುಂಡಾದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಇಂಜಿನ್ನೇ ಹೋದೀತು. ಬಿಲ್ ತೋರಿಸದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.