ನೆಲದ ಟಿಕೀಟು

ಲೆ ಮಾನ್‌ನ 24 ಗಂಟೆಗಳ ಕಾರು ಓಟವನ್ನು ಪೂರ್ತಿ ನೋಡಿದ ಪ್ರೇಕ್ಷಕ ಇನ್ನೂ ಹುಟ್ಟಿಲ್ಲ. ಪ್ಯಾರಿಸ್ಸಿನಿಂದ ನೈರುತ್ಯಕ್ಕೆ ಸುಮಾರು 200 ಕಿ.ಮೀ. ದೂರದ ಆ ಊರಿನ ಅಂಚಿನಲ್ಲಿ ಓಟ ಶುರುವಾದದ್ದು 1923ರಲ್ಲಿ. ಒಂದು ಸುತ್ತಿಗೆ 13.626 ಕಿ.ಮೀ. ಅದರ ದೊಡ್ಡ ಭಾಗ, ವರ್ಷದ ಉಳಿದ ದಿನಗಳಲ್ಲಿ ಲಾರಿ ವ್ಯಾನುಗಳು ಓಡಾಡುವ ಮಾಮೂಲಿ ರಸ್ತೆ. ಮರಗಳ ಮಧ್ಯೆ, ಮನೆಗಳ ಪಕ್ಕ ಹಾದು ಹೋಗುವ ಈ ದಾರಿಯಲ್ಲಿ ಎಲ್ಲಿ ನಿಂತರೂ ಎಲ್ಲಿ ಕೂತರೂ ಕಾಣುವುದು ಒಂದು ಚೂರು.

ಆ ಚೂರು ಎಷ್ಟು ಚಿಕ್ಕದು ಎಂದು ಒಮ್ಮೆ ಕೂಡಿಸಿ ನೋಡಿದೆ. 2010ರಲ್ಲಿ ಗೆದ್ದ ಆಡಿ ಕಾರು 397 ಸುತ್ತು ಹಾಕಿ 5,410 ಕಿ.ಮೀ. ಓಡಿತು. ನೀವು ಕೂತ ಜಾಗದಿಂದ ಪ್ರತಿ ಸುತ್ತಿಗೆ ಹತ್ತು ಸೆಕೆಂಡು ಅದು ಕಣ್ಣಿಗೆ ಬಿತ್ತು ಅನ್ನಿ. ಹತ್ತು ಸೆಕೆಂಡು ಅನ್ನುವುದೂ ಧಾರಾಳವೇ. ಕಣ್ಣು ಮಿಟುಕಿಸದೆ ಇಡೀ ದಿನ ಕಾದವನಿಗೂ ಗೆದ್ದ ಕಾರು ದಕ್ಕಿದ್ದು ಒಟ್ಟು ಒಂದು ಗಂಟೆ ಆರು ನಿಮಿಷ. ಉಳಿದ ಇಪ್ಪತ್ತಮೂರು ಗಂಟೆ ಅದು ಬೇರೆ ಯಾರದೋ ಎದುರು ಓಡುತ್ತಿತ್ತು.

ಹಾಗಾದರೆ ಹೆಚ್ಚು ದುಡ್ಡು ಕೊಟ್ಟು ಗ್ಯಾಲರಿಯಲ್ಲಿ ನಂಬರಿನ ಸೀಟು ಕೊಳ್ಳಬೇಕೇ, ಸಾಮಾನ್ಯ ಪ್ರವೇಶದ ಚೀಟಿ ಹಿಡಿದು ಅಲೆಯಬೇಕೇ? ನಮ್ಮ ಟೆಂಟಿನ ಆಟಗಳ ಭಾಷೆಯಲ್ಲಿ ಕೇಳುವುದಾದರೆ, ಕುರ್ಚಿಯೋ ನೆಲವೋ? ಸಿನಿಮಾ ಮಂದಿರದಲ್ಲಿ ಇದು ಪ್ರಶ್ನೆಯೇ ಅಲ್ಲ. ಬಾಲ್ಕನಿಯವನಿಗೂ ಗಾಂಧಿ ಕ್ಲಾಸಿನವನಿಗೂ ತೋರಿಸುವುದು ಒಂದೇ ಚಿತ್ರ. ದುಡ್ಡು ಹೆಚ್ಚಾದಷ್ಟೂ ಕತ್ತು ನೋವು ಕಡಿಮೆ. ಲೆ ಮಾನ್‌ನಲ್ಲಿ ಹಾಗಲ್ಲ. ಕುರ್ಚಿಯವನು ನೋಡುವ ಓಟ ಒಂದು, ನೆಲದವನು ನೋಡುವ ಓಟ ಇನ್ನೊಂದು. ನನ್ನ ಓಟು ನೆಲಕ್ಕೆ. ಆದರೆ ಕುರ್ಚಿಯ ಪರ ಹೇಳಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದೇನೂ ಸಣ್ಣ ವಾದವಲ್ಲ.

ಮುಖ್ಯ ಗ್ಯಾಲರಿಯ ಎದುರಿಗೇ ಪಿಟ್ ಇದೆ. ದೀರ್ಘ ಓಟದಲ್ಲಿ ಗೆಲುವು ಸೋಲು ರಸ್ತೆಯ ಮೇಲೆ ಎಷ್ಟು ತೀರ್ಮಾನವಾಗುತ್ತದೋ ಪಿಟ್‌ನಲ್ಲೂ ಅಷ್ಟೇ ತೀರ್ಮಾನವಾಗುತ್ತದೆ. ಪೆಟ್ರೋಲು ತುಂಬುವುದು, ಟಯರು ಬದಲಿಸುವುದು, ಒಬ್ಬ ಚಾಲಕ ಇಳಿದು ಇನ್ನೊಬ್ಬ ಹತ್ತುವುದು, ಮೂತಿ ಮುರಿದುಕೊಂಡು ಬಂದ ಕಾರಿಗೆ ಹೊಸ ಮೂತಿ ಜೋಡಿಸುವುದು, ಎಲ್ಲ ಅಲ್ಲೇ. ಒಂದು ಕಾರಿಗೆ ಮೂವರು ಚಾಲಕರು. ದಿಬ್ಬದ ಮೇಲೆ ನಿಂತವನಿಗೆ ಕಾರು ಕಾಣುತ್ತದೆ, ಒಳಗೆ ಯಾರಿದ್ದಾರೆ ಎನ್ನುವುದು ತಿಳಿಯುವುದಿಲ್ಲ. ಚೆನ್ನೈನ ಕರುಣ್ ಚಂದೋಕ್ 2012ರಲ್ಲಿ ಇಲ್ಲಿ ಓಡಿಸಿದ ಮೊದಲ ಭಾರತೀಯನಾಗಿ ಆರನೆಯ ಸ್ಥಾನ ಪಡೆದಾಗ, 2019ರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಇಲ್ಲಿ ಓಡಿಸಿದಾಗ, ನಮ್ಮ ಹುಡುಗ ಈಗ ಸ್ಟಿಯರಿಂಗ್ ಹಿಡಿದಿದ್ದಾನೋ ಮಲಗಿದ್ದಾನೋ ಎಂದು ಕಣ್ಣಾರೆ ಕಾಣಬೇಕಿದ್ದವರು ಪಿಟ್ ಎದುರೇ ಕೂರಬೇಕಿತ್ತು. ನನ್ನ ಮಗನೇ ಓಡಿಸುವುದಾದರೆ ಈ ಪ್ರಬಂಧ ಹರಿದುಹಾಕಿ ಕುರ್ಚಿ ಕೊಳ್ಳುತ್ತೇನೆ. ಮಂಡಿನೋವಿನವರೂ ಕೊಳ್ಳಲಿ. ಅದಕ್ಕೆ ತರ್ಕ ಬೇಕಿಲ್ಲ.

ಕುರ್ಚಿಯ ಪರ ಇನ್ನೊಂದು ಮಾತೂ ಇದೆ. ಸೀಟನ್ನು ಸಾಮಾನ್ಯ ಪ್ರವೇಶದ ಮೇಲೆ ಸೇರಿಸಿ ಕೊಳ್ಳುವುದು. ಸೀಟಿದ್ದವನು ಅಲೆಯಬಾರದು ಎಂದೇನಿಲ್ಲ, ಬೇಕಾದಾಗ ಎದ್ದು ಹೋಗಬಹುದು, ಬೇಡವಾದಾಗ ಬಂದು ಕೂರಬಹುದು. ಕಳಕೊಳ್ಳುವುದೇನು? ಕಾಗದದ ಮೇಲೆ ಏನೂ ಇಲ್ಲ. ಆದರೆ ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನನ್ನು ನೋಡಿದ್ದೀರಲ್ಲ? ಬಸ್ಸು ಹೊರಡಲು ಅರ್ಧ ಗಂಟೆ ಇದ್ದರೂ ಕೆಳಗಿಳಿದು ನೆಮ್ಮದಿಯಾಗಿ ಕಾಫಿ ಕುಡಿಯಲಾರ. ಕುಡಿದರೂ ಒಂದು ಕಣ್ಣು ಟವೆಲ್ಲಿನ ಮೇಲೆ. ದುಡ್ಡು ಕೊಟ್ಟ ಜಾಗ ಮನುಷ್ಯನನ್ನು ಎಳೆಯುತ್ತಲೇ ಇರುತ್ತದೆ. ಕೊಟ್ಟದ್ದು ವಸೂಲಾಗಬೇಕು ಎನ್ನುವ ಲೆಕ್ಕ ಕಾಲಿಗೆ ಹಗ್ಗ ಕಟ್ಟುತ್ತದೆ. ಊರ ಹೊರಗಿನ ತಿರುವಿಗೆ ಬಸ್ಸಿದೆ, ಹೋಗಿ ಬರಲು ಇಂತಿಷ್ಟು ಹೊತ್ತು, ಅಷ್ಟರಲ್ಲಿ ಇಲ್ಲಿ ಏನಾದರೂ ಆಗಿಬಿಟ್ಟರೆ? ಹೀಗೆ ಯೋಚಿಸುತ್ತ ಯೋಚಿಸುತ್ತ ಕತ್ತಲಾಗುತ್ತದೆ.

ಕತ್ತಲಾಗುವುದು ಅಲ್ಲಿ ತಡ. ಜೂನ್ ನಡುವಿನಲ್ಲಿ ಹೊತ್ತು ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ, ಮೂಡುವುದು ಬೆಳಗಿನ ಆರಕ್ಕೆ. ನಡುವಿನ ಆ ಎಂಟು ಗಂಟೆಗಾಗಿಯೇ ನಾನು ನೆಲದ ಪಕ್ಷ ಹಿಡಿದಿರುವುದು. ಎರಡು ಗಂಟೆಯ ಓಟ ಜಗತ್ತಿನಲ್ಲಿ ಬೇಕಾದಷ್ಟಿದೆ. ಅದನ್ನು ಕೂತೇ ನೋಡಬೇಕು. ಇಲ್ಲಿರುವ ವಿಶೇಷ ಹೊತ್ತು ಸರಿಯುವುದು. ಹೊತ್ತು ಸರಿದದ್ದು ಗೊತ್ತಾಗಬೇಕಾದರೆ ನಾವೂ ಸರಿಯಬೇಕು. ಡನ್‌ಲಪ್ ಸೇತುವೆಯ ಇಳಿಜಾರಿನಲ್ಲಿ ಬಿಸಿಲಿದ್ದಾಗ ಕಂಡ ಕಾರನ್ನೇ ಟರ್ತ್ರ್ ರೂಜ್ ತಿರುವಿನಲ್ಲಿ ಮುಸ್ಸಂಜೆಗೆ ಕಂಡರೆ ಅದು ಬೇರೆಯೇ ಪ್ರಾಣಿ. ಅಲ್ಲಿಂದ ಮುಂದಕ್ಕೆ ಸುಮಾರು ಆರು ಕಿ.ಮೀ. ಉದ್ದದ ಮುಲ್ಸಾನ್ ನೇರದಾರಿ. 1988ರಲ್ಲಿ ಒಂದು ಕಾರು ಇಲ್ಲಿ ಗಂಟೆಗೆ 405 ಕಿ.ಮೀ. ಮುಟ್ಟಿತು, ಇದು ಅತಿಯಾಯಿತೆಂದು 1990ರಲ್ಲಿ ಆ ದಾರಿಗೆ ಎರಡು ಕಡೆ ಅಂಕುಡೊಂಕು ಸೇರಿಸಿದರು. ಆಮೇಲೆ ಇಂಡಿಯಾನಾಪೊಲಿಸ್ ಎಂಬ ತಿರುವು, ಅದರ ಬೆನ್ನಿಗೇ ಆರ್ನಾಜ್. ಮುನ್ನೂರರ ಆಸುಪಾಸಿನ ವೇಗದಲ್ಲಿ ಬಂದ ಕಾರು ಅಲ್ಲಿ ಬ್ರೇಕ್ ಹಾಕಿದಾಗ ಗಾಲಿಯೊಳಗಿನ ಬ್ರೇಕ್ ಡಿಸ್ಕು ಕುಲುಮೆಯ ಕಬ್ಬಿಣದ ಹಾಗೆ ಕೆಂಪಗೆ ಹೊಳೆದು, ಮರುಕ್ಷಣ ಆರಿ, ಬರೀ ಹಿಂದಿನ ದೀಪ ಉಳಿಯುತ್ತದೆ. ಆ ಕೆಂಪು ಮುಖ್ಯ ಗ್ಯಾಲರಿಯ ಎದುರು ಕಾಣುವುದಿಲ್ಲ. ಅಲ್ಲಿ ಕಾರುಗಳಿಗೆ ಬ್ರೇಕಿನ ಹಂಗಿಲ್ಲ, ಸುತ್ತ ದೀಪಗಳ ಝಗಮಗ ಬೇರೆ.

ಕಿವಿಯ ವಿಷಯವೂ ಇದೆ. ಕ್ಯಾಡಿಲ್ಯಾಕ್‌ನ ವಿ8 ಎಂಜಿನ್ನಿನ ಗುಡುಗು, ಫೆರಾರಿಯ ಟರ್ಬೊ ವಿ6ನ ದನಿ, ಒಂದು ರಾತ್ರಿ ಕತ್ತಲಲ್ಲಿ ನಿಂತವನಿಗೆ ಬೆಳಗಿನ ಹೊತ್ತಿಗೆ ಬೇರೆ ಬೇರೆಯಾಗಿ ಗುರುತು ಹತ್ತುತ್ತವೆ. ಮನೆಯವರ ಚಪ್ಪಲಿ ಸದ್ದು ಗುರುತು ಹತ್ತುವ ಹಾಗೆ. ಯಾರು ಮುಂದಿದ್ದಾರೆ ಎಂದು ತಿಳಿಯಲು ಬಹಳ ಮಂದಿ ಕಿವಿಗೆ ಪುಟ್ಟ ರೇಡಿಯೊ ಸಿಕ್ಕಿಸಿಕೊಂಡಿರುತ್ತಾರೆ. ಓಟದ ವೀಕ್ಷಕ ವಿವರಣೆಗೆಂದೇ ಅಲ್ಲೊಂದು ಎಫ್‌ಎಂ ಬಾನುಲಿ ಇದೆ.

ಇಡೀ ರಾತ್ರಿಯ ಯಕ್ಷಗಾನ ಬಯಲಾಟ ಕಂಡವರಿಗೆ ಇದು ಹೊಸದಾಗಿ ಅನಿಸಲಾರದು. ಒಡ್ಡೋಲಗ ನೋಡಿ, ಚರುಮುರಿ ತಿಂದು, ಚೌಕಿಯೊಳಗೆ ಇಣುಕಿ ಬಣ್ಣ ಬರೆಯುವುದನ್ನು ಕಂಡು, ಹಿಂದೆ ಚಾಪೆಯ ಮೇಲೆ ಒಂದು ನಿದ್ದೆ ತೆಗೆದು, ಚೆಂಡೆಯ ಸದ್ದಿಗೆ ಎಚ್ಚೆತ್ತು ರಕ್ಕಸ ವೇಷದ ಹೊತ್ತಿಗೆ ಸರಿಯಾಗಿ ಎದ್ದು ಕೂರುವವನನ್ನು ‘ನೀನು ಆಟ ಪೂರ್ತಿ ನೋಡಲಿಲ್ಲ’ ಎಂದು ಯಾರಾದರೂ ದೂರುತ್ತಾರೆಯೇ? ಮುಂದಿನ ಕುರ್ಚಿಯಲ್ಲಿ ಸೆಟೆದು ಕೂತು ತೂಕಡಿಸಿದ ಗಣ್ಯರಿಗಿಂತ ಅವನೇ ಹೆಚ್ಚು ನೋಡಿರುತ್ತಾನೆ. ಕುರ್ಚಿ ಮಾರುವುದು ‘ಏನೂ ತಪ್ಪಿಹೋಗದು’ ಎನ್ನುವ ಭರವಸೆಯನ್ನು. ಇಷ್ಟು ದೊಡ್ಡ ಆಟದಲ್ಲಿ ತಪ್ಪಿಹೋಗುವುದೇ ಹೆಚ್ಚು. ಆ ಭರವಸೆಗೆ ಬೆಲೆ ಕಟ್ಟುವುದಾದರೂ ಹೇಗೆ?

ನೆಲದ ಕಷ್ಟಗಳನ್ನು ಮುಚ್ಚಿಡುವುದಿಲ್ಲ. ಮೂರು ಲಕ್ಷಕ್ಕೂ ಮಿಕ್ಕಿ ಜನ ಸೇರುವ ಜಾಗದಲ್ಲಿ ಓಟ ಹೊರಡುವ ಗಳಿಗೆಗೆ ದಿಬ್ಬದ ಮೇಲೆ ಒಳ್ಳೆಯ ಅಡಿ ಹಿಡಿಯಬೇಕಾದರೆ ಬಹಳ ಮುಂಚೆ ಹೋಗಬೇಕು. ಇಲ್ಲದಿದ್ದರೆ ಕಾಣುವುದು ಟೋಪಿಗಳು. ಎಷ್ಟೋ ಕಡೆ ಬೇಲಿಯ ಜಾಲರಿಯೊಳಗಿಂದಲೇ ನೋಡಬೇಕು. ಮಳೆ ಬಂದರೆ ಮುಗಿಯಿತು. 2024ರಲ್ಲಂತೂ ರಾತ್ರಿ ಮಳೆಗೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಕಾರುಗಳು ಸೇಫ್ಟಿ ಕಾರಿನ ಹಿಂದೆ ಮೆರವಣಿಗೆ ಹೋದವು. ಆ ರಾತ್ರಿ ಸೂರು ಹೊದ್ದ ಕುರ್ಚಿಯವನು ಒಣಗಿದ್ದ, ನಿಜ. ನೋಡಿದ್ದು ಮಾತ್ರ ಅದೇ ಮೆರವಣಿಗೆ.

ಬೇಲಿಯ ಬಗ್ಗೆ ಗೊಣಗುವ ಮುನ್ನ ಅದು ಯಾಕೆ ಬಂತು ಎನ್ನುವುದನ್ನು ನೆನೆಯಬೇಕು. 1955ರ ಜೂನ್ 11ರ ಸಂಜೆ ಪಿಯರ್ ಲವೆಗ್ ಓಡಿಸುತ್ತಿದ್ದ ಮರ್ಸಿಡಿಸ್, ಮುಂದಿದ್ದ ಕಾರಿನ ಬೆನ್ನೇರಿ ಹಾರಿ, ರಸ್ತೆಯಂಚಿನ ಮಣ್ಣಿನ ದಿಣ್ಣೆಗೆ ಬಡಿದು ಚೂರಾಯಿತು. ಚೂರುಗಳು ಜನರ ಮೇಲೆ ನುಗ್ಗಿದವು. ಲವೆಗ್ ಜೊತೆಗೆ 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಪಿಟ್‌ಗೆ ಎದುರಾಗಿ, ಗ್ಯಾಲರಿಯ ಮುಂದೆ, ರಸ್ತೆಗೆ ತೀರ ಹತ್ತಿರ ನಿಂತಿದ್ದವರು. ಹತ್ತಿರ ನಿಲ್ಲುವ ಸುಖವನ್ನು ಹೊಗಳುವ ನನ್ನಂಥವರು ಆ ಲೆಕ್ಕ ಮರೆಯುವಂತಿಲ್ಲ. ಆಮೇಲೆ ಪಿಟ್ಟು, ಗ್ಯಾಲರಿಗಳನ್ನೆಲ್ಲ ಕೆಡವಿ ಕಟ್ಟಿದರು. ಇವತ್ತಿನ ನೆಲದವನು ಜಾಲರಿಯ ಹಿಂದೆ, ದೂರದಲ್ಲಿ ನಿಲ್ಲುವುದು ಆ ಸತ್ತವರ ದೆಸೆಯಿಂದ.

ಇನ್ನು ಉಳಿದದ್ದು ಕೊನೆಯ ಗಳಿಗೆ. ಅದೊಂದನ್ನಾದರೂ ಗೆರೆಯ ಎದುರು ಕೂತೇ ನೋಡಬೇಡವೇ ಎಂದು ಕೇಳುವವರಿಗೆ 1969 ಇದೆ: ಜಾಕಿ ಇಕ್ಸ್ ಓಡಿಸುತ್ತಿದ್ದ ಕಾರು 24 ಗಂಟೆ ಓಡಿ ಗೆದ್ದದ್ದು ಸುಮಾರು 120 ಮೀಟರ್ ಅಂತರದಲ್ಲಿ. ಅದಕ್ಕಿಂತ ಬಲವಾದ ಸಾಕ್ಷಿ 2016ರದು. ಅದುವರೆಗೆ ಒಮ್ಮೆಯೂ ಗೆಲ್ಲದ ಟೊಯೊಟಾ ಮುಂದಿತ್ತು. ಇನ್ನೇನು ಆರೇಳು ನಿಮಿಷ ಎನ್ನುವಾಗ ಕಜುಕಿ ನಕಾಜಿಮಾನ ಕಾರಿನ ಶಕ್ತಿ ಉಡುಗಿತು. ತೆವಳಿಕೊಂಡು ಬಂದು ಗೆರೆ ದಾಟಿ, ಮುಖ್ಯ ಗ್ಯಾಲರಿಯ ಎದುರೇ ನಿಂತುಬಿಟ್ಟಿತು. ಪಕ್ಕದಲ್ಲಿ ಪೋರ್ಷೆ ಹಾದು ಹೋಗಿ ಓಟ ಗೆದ್ದಿತು. ಕುರ್ಚಿಯವರು ಅದನ್ನು ಕಣ್ಣಾರೆ ಕಂಡರು. ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಆ ಒಂದು ನಿಮಿಷಕ್ಕೆ ಕುರ್ಚಿಯ ಬೆಲೆ ಸಂದಿತು.

ಆದರೆ ಕಾರು ಅಲ್ಲೇ ಉಳಿಯಲಿಲ್ಲ. ಹೇಗೋ ಮತ್ತೆ ಚಾಲೂ ಆಗಿ ಹದಿಮೂರೂವರೆ ಕಿಲೋಮೀಟರನ್ನು ಹನ್ನೆರಡು ನಿಮಿಷದ ಹತ್ತಿರ ಹತ್ತಿರ ಹೊತ್ತಿನಲ್ಲಿ ಸುತ್ತಿ ಬಂತು. ಕಾಲಮಿತಿ ಮೀರಿದ್ದರಿಂದ ಫಲಿತಾಂಶದ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಸಿಗಲಿಲ್ಲ. ಆ ಕೊನೆಯ ಸುತ್ತಿನಲ್ಲಿ ಅದು ಟರ್ತ್ರ್ ರೂಜ್, ಮುಲ್ಸಾನ್, ಆರ್ನಾಜ್ ಎಲ್ಲವನ್ನೂ ಹಾದು ಹೋಯಿತು, ಇಡೀ ದಿನ ಬಾಣದಂತೆ ಹಾರಿದ್ದ ಕಾರು, ಮೊದಲ ಬಾರಿಗೆ ಅದರ ಬಣ್ಣ, ನಂಬರು, ಮೈಮೇಲೆ ಕಟ್ಟಿದ್ದ ಮಸಿ ಎಲ್ಲ ಬಿಡಿಬಿಡಿಯಾಗಿ ಕಾಣುವಷ್ಟು ನಿಧಾನವಾಗಿ, ಬೇಲಿಯಾಚೆ ನಿಂತವರ ಮುಂದೆ.