ಪ್ರಬಂಧ ಮಕ್ಕಳದು, ಪೆನ್ನು ನಮ್ಮ ಕೈಲಿ ಬೇಡ

ಎರಡನೇ ಪಿಯುಸಿ ಓದುವ ಮಕ್ಕಳಿರುವ ಮನೆ ಅಂದ್ರೆ ಕೇಳಬೇಕೆ? ಬೆಳಗ್ಗೆ ಐದಕ್ಕೆ ಅಲಾರಂ, ಟ್ಯೂಷನ್, ಕಾಲೇಜು, ಮತ್ತೆ ಟ್ಯೂಷನ್. ಟಿವಿ ಬಂದ್. ನೆಂಟರು ಬಂದರೂ ಪಿಸುಮಾತು. ಸಿಇಟಿ, ನೀಟ್ ಎಂಬ ಎರಡು ಹೆಸರು ಅಮ್ಮಂದಿರ ಬಾಯಲ್ಲಿ ದೇವರ ನಾಮಕ್ಕಿಂತ ಹೆಚ್ಚು ಸಲ ಬರುತ್ತವೆ. ಆದರೆ ಈ ಪರೀಕ್ಷೆಗಳಲ್ಲಿ ಒಂದು ಅನುಕೂಲ ಇದೆ ನೋಡಿ. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದನ್ನು ಗುರುತು ಮಾಡಿದರಾಯಿತು. ನಿಮ್ಮ ಮಗಳು ಎಂಥವಳು, ಏನು ಯೋಚಿಸುತ್ತಾಳೆ ಅಂತ ಅವು ಕೇಳೋದೇ ಇಲ್ಲ.

ಹಾಗೆ ಕೇಳುವ ಕಡೆಗಳೂ ಈಗ ಇವೆ. ಹರಿಯಾಣದ ಸೋನಿಪತ್‌ನಲ್ಲಿರುವ ಅಶೋಕ ವಿಶ್ವವಿದ್ಯಾಲಯ, ಹತ್ತನೇ ತರಗತಿಯ ನಂತರದ ಎರಡು ವರ್ಷದ ಓದಿಗೆ ಸೇರಿಸಿಕೊಳ್ಳುವ ಪುಣೆ ಹತ್ತಿರದ ಯುಡಬ್ಲ್ಯುಸಿ ಮಹೀಂದ್ರಾ ಕಾಲೇಜು, ಅಮೆರಿಕ, ಬ್ರಿಟನ್‌ನ ವಿಶ್ವವಿದ್ಯಾಲಯಗಳು ಅಂಕಪಟ್ಟಿ ಒಂದನ್ನೇ ನೋಡುವುದಿಲ್ಲ. ‘ನಿನ್ನ ಬಗ್ಗೆ ನೀನೇ ಬರೆ’ ಅನ್ನುತ್ತವೆ. ಅಮೆರಿಕದ ನೂರಾರು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ‘ಕಾಮನ್ ಆ್ಯಪ್’ನಲ್ಲಿ ಈ ಪ್ರಬಂಧಕ್ಕೆ 650 ಪದಗಳ ಮಿತಿ. ಬ್ರಿಟನ್‌ನ ‘ಯೂಕಾಸ್’ ಅರ್ಜಿಯಲ್ಲಿ 4000 ಅಕ್ಷರ. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯ ಜೊತೆ ಸಂದರ್ಶನವೂ ಇದೆ. ಅಲ್ಲೂ ಮಗು ತನ್ನ ಬಗ್ಗೆ ಬಾಯಿಬಿಟ್ಟು ಹೇಳಲೇಬೇಕು. ‘ಅದೆಲ್ಲಾ ದುಡ್ಡಿದ್ದವರಿಗೆ’ ಅಂತ ಪುಟ ತಿರುಗಿಸಬೇಡಿ. ಮನೆಯ ವರಮಾನ ನೋಡಿ ಶುಲ್ಕ ಬಿಡುವ, ವಿದ್ಯಾರ್ಥಿವೇತನ ಕೊಡುವ ಸಂಸ್ಥೆಗಳು ಇದರಲ್ಲಿ ಎಷ್ಟೋ ಇವೆ. ನಂಜನಗೂಡಿನ ಕಾರ್ಖಾನೆ ನೌಕರರ ಮಗಳಿಗೂ ಟಿ. ನರಸೀಪುರದ ಅಂಗಡಿಯವರ ಮಗನಿಗೂ ಈ ಬಾಗಿಲು ಮುಚ್ಚಿಲ್ಲ.

ತೊಂದರೆ ಶುರುವಾಗೋದು ಮಗು ಬಿಳಿ ಹಾಳೆ ಮುಂದೆ ಕೂತಾಗ. ‘ಅಮ್ಮಾ, ನನ್ನ ಜೀವನದಲ್ಲಿ ಏನೂ ಆಗೇ ಇಲ್ಲ, ಏನ್ ಬರೀಲಿ?’ ಅನ್ನುತ್ತೆ. ಆಗ ನಾವೇನು ಮಾಡ್ತೀವಿ? ಅಕ್ಕನ ಮಗ ಬೆಂಗಳೂರಲ್ಲಿದ್ದಾನೆ, ಅವನ ಕೈಲಿ ಬರೆಸೋಣ ಅಂತೀವಿ. ದುಡ್ಡು ತಗೊಂಡು ಬರೆದುಕೊಡುವವರನ್ನು ಹುಡುಕ್ತೀವಿ. ಇಲ್ಲಾ, ಮೊಬೈಲಿನಲ್ಲಿ ಎಐಗೆ ಹೇಳಿದ್ರೆ ಎರಡು ನಿಮಿಷದಲ್ಲಿ ಚಂದದ ಇಂಗ್ಲಿಷ್ ಬರುತ್ತಲ್ಲ, ಸಾಕು ಅಂದುಕೊಳ್ತೀವಿ.

ಸಾಲದು, ಗೆಳತಿಯರೇ. ಯಾಕೆ ಅಂತ ಹೇಳ್ತೀನಿ.

ಸುಟ್ಟ ಪೈಜಾಮದ ಕಥೆ

2007ರಲ್ಲಿ ಬ್ರಿಟನ್‌ನ ಯೂಕಾಸ್ ಸಂಸ್ಥೆ ಸುಮಾರು 50,000 ಅರ್ಜಿಗಳ ಪ್ರಬಂಧಗಳನ್ನು ಕಂಪ್ಯೂಟರ್‌ಗೆ ಹಾಕಿ ಹೋಲಿಸಿ ನೋಡಿತು. 234 ಮಕ್ಕಳು ಒಂದೇ ಕಥೆ ಬರೆದಿದ್ದರು! ಎಂಟನೇ ವಯಸ್ಸಿನಲ್ಲಿ ಹುಟ್ಟುಹಬ್ಬಕ್ಕೆ ಸಿಕ್ಕ ರಾಸಾಯನಿಕ ಆಟಿಕೆಯಿಂದ ಪ್ರಯೋಗ ಮಾಡಲು ಹೋಗಿ ಪೈಜಾಮ ತೂತಾಗುವಂತೆ ಸುಟ್ಟುಕೊಂಡೆ, ಅಂದಿನಿಂದ ವಿಜ್ಞಾನದ ಹುಚ್ಚು ಹಿಡಿಯಿತು ಅಂತ. ಮಾದರಿ ಪ್ರಬಂಧವೊಂದರಿಂದ ಎತ್ತಿದ್ದು ಅದು. ಓದಿದರೆ ನಗು ಬರುತ್ತೆ. ಆದರೆ ಆ 234 ಮಕ್ಕಳಲ್ಲಿ ಜಾಣರೂ ಇದ್ದಿರಬೇಕಲ್ಲವೇ? ತಮ್ಮದೇ ಕಥೆ ಹೇಳಿದ್ದರೆ ಗೆಲ್ಲಬಹುದಾಗಿದ್ದವರು ಇನ್ಯಾರದೋ ಪೈಜಾಮ ತೊಟ್ಟು ಸಿಕ್ಕಿಬಿದ್ದರು.

ಈಗಂತೂ ಎಐ ಬರೆದುಕೊಟ್ಟದ್ದನ್ನು ತನ್ನದೆಂದು ಕಳಿಸುವುದನ್ನು ಕಾಮನ್ ಆ್ಯಪ್ ನೇರವಾಗಿ ವಂಚನೆಯ ಪಟ್ಟಿಗೆ ಸೇರಿಸಿದೆ. ಅಲ್ಲಿ ಸಿಕ್ಕಿಬೀಳದಿದ್ದರೂ ಸಂದರ್ಶನ ಇದ್ದೇ ಇದೆ. ‘ನೀನು ಬರೆದ ಈ ಘಟನೆ ಆದಾಗ ನಿನಗೆ ಏನನ್ನಿಸಿತು?’ ಅಂತ ಒಂದು ಪ್ರಶ್ನೆ ಕೇಳಿದರೆ ಸಾಕು, ಬೇರೆಯವರ ಕೈಲಿ ಬರೆಸಿಕೊಂಡ ಮಗು ತಡಬಡಾಯಿಸುತ್ತೆ.

ಸಿಕ್ಕಿಬೀಳುವ ಭಯಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ‘ನಿನ್ನ ಮಾತು ಸಾಲದು, ಬೇರೆಯವರ ಮಾತೇ ಬೇಕು’ ಅಂತ ಹದಿನೇಳರ ಮಗುವಿಗೆ ನಾವೇ ಹೇಳಿಕೊಟ್ಟ ಹಾಗಾಗುತ್ತಲ್ಲ, ಅದು. ಸೀಟು ಸಿಕ್ಕರೂ ಆ ಮಾತು ಅವಳ ಜೊತೆಗೇ ಹಾಸ್ಟೆಲ್‌ಗೆ ಹೋಗುತ್ತೆ.

ನಮ್ಮೂರಲ್ಲಿ ಏನಿದೆ ಮಹಾ?

ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಪ್ರಬಂಧ ಅಂದ ತಕ್ಷಣ ಮಕ್ಕಳು ಅಬ್ದುಲ್ ಕಲಾಂ ಅವರಿಂದ ಶುರು ಮಾಡುತ್ತಾರೆ. ಮನೆ ಹಿಂದಿನ ಕಪಿಲೆ ಅವರಿಗೆ ಕಾಣೋದೇ ಇಲ್ಲ.

ಸ್ವಲ್ಪ ಯೋಚಿಸಿ ನೋಡಿ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಮೈಸೂರು–ನಂಜನಗೂಡು ರಸ್ತೆಯ ಮೇಲೇ ನೀರು ಹರಿದು ಸಂಚಾರ ನಿಂತಿತ್ತು. 2020ರ ಮಾರ್ಚ್ ಕೊನೆಯಲ್ಲಿ ಇಲ್ಲಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಕಾಣಿಸಿಕೊಂಡು ನಂಜನಗೂಡಿನ ಹೆಸರು ಟಿವಿಯಲ್ಲೆಲ್ಲಾ ಬಂತು. ಆಗಿನ್ನೂ ಪ್ರೈಮರಿ, ಮಿಡ್ಲ್ ಸ್ಕೂಲಿನಲ್ಲಿದ್ದ ಮಕ್ಕಳು ಮನೆಯ ಕಿಟಕಿಯಿಂದ ಏನು ನೋಡಿದರು? ನೆಂಟರು ಫೋನಿನಲ್ಲಿ ‘ನೀವು ಸದ್ಯಕ್ಕೆ ನಮ್ಮ ಕಡೆ ಬರಬೇಡಿ’ ಅಂದಾಗ ಅವರಿಗೆ ಏನನ್ನಿಸಿತು? ಆ ದಿನಗಳನ್ನು ನೋಡಿ ಸಾರ್ವಜನಿಕ ಆರೋಗ್ಯ ಓದಬೇಕು ಅನ್ನಿಸಿದ ಹುಡುಗಿಗೆ ಇನ್ನೊಬ್ಬರ ಪೈಜಾಮ ಯಾಕೆ ಬೇಕು?

ಟಿ. ನರಸೀಪುರದಲ್ಲೂ ಅಷ್ಟೇ. ಮೈಸೂರು ಸಿಲ್ಕ್ ಸೀರೆಗೆ ರೇಷ್ಮೆ ನೂಲು ತೆಗೆಯುವ ಕೆಎಸ್‌ಐಸಿ ಕಾರ್ಖಾನೆ ಇರೋದು ಅಲ್ಲಿ. ನಾವು ಮದುವೆಗೆ ಉಡುವ ಸೀರೆಯ ಹಿಂದೆ ಬಿಸಿನೀರಿನಲ್ಲಿ ಗೂಡು ಬಿಡಿಸುವ ಕೈಗಳಿವೆ. ಆ ಕೈ ಅಮ್ಮನದೋ ಅತ್ತೆಯದೋ ಆಗಿದ್ದರೆ, ಅದನ್ನು ದಿನಾ ನೋಡಿದ ಮಗುವಿಗೆ ಹೇಳೋಕೆ ಏನೂ ಇಲ್ಲವೇ? 2025ರ ಫೆಬ್ರವರಿಯಲ್ಲಿ ತಿರುಮಕೂಡಲಿನಲ್ಲಿ ಕುಂಭಮೇಳ ನಡೆಯಿತು. ಮೂರು ದಿನದ ಜನಜಾತ್ರೆ ಮುಗಿದ ಮೇಲೆ ಸಂಗಮದ ದಡ ಹೇಗಿತ್ತು ಅಂತ ಗಮನಿಸಿದ ಹುಡುಗ ಪರಿಸರ ವಿಜ್ಞಾನಕ್ಕೆ ಅರ್ಜಿ ಹಾಕಿದರೆ ಅವನ ಮಾತಿಗೆ ತೂಕ ಇರುತ್ತೆ.

ಬರವಣಿಗೆಯಲ್ಲಿ ವ್ಯತ್ಯಾಸ ಹೇಗೆ ಕಾಣುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. ‘ನನಗೆ ಬಾಲ್ಯದಿಂದಲೂ ವಿಜ್ಞಾನದಲ್ಲಿ ಅಪಾರ ಆಸಕ್ತಿ. ದೇಶಸೇವೆ ಮಾಡುವುದೇ ನನ್ನ ಗುರಿ.’ ಇದನ್ನು ಯಾರು ಬೇಕಾದರೂ ಬರೆಯಬಹುದು, ಬರೆಯುತ್ತಾರೆ ಕೂಡ. ಈಗ ಇದನ್ನು ಓದಿ: ‘ತಾತ ರಸಬಾಳೆ ಗಿಡದ ಬುಡ ಸೀಳಿ ಒಳಗಿನ ಕಂದು ಗೆರೆ ತೋರಿಸಿದರು. ಇದಕ್ಕೆ ಔಷಧ ಇಲ್ಲ ಮಗಾ ಅಂದರು. ಗಿಡ ಕಿತ್ತು ಹಾಕಿದರೂ ರೋಗ ಮಣ್ಣಲ್ಲೇ ಇರುತ್ತಂತೆ. ಹಾಗಾದರೆ ಮಣ್ಣೊಳಗೆ ಅದು ಏನು ತಿಂದು ಬದುಕುತ್ತೆ ಅಂತ ಕೇಳಿದೆ. ತಾತನಿಗೆ ಗೊತ್ತಿರಲಿಲ್ಲ. ನಮ್ಮ ಟೀಚರಿಗೂ ಗೊತ್ತಿರಲಿಲ್ಲ.’ ಜಿಐ ಮಾನ್ಯತೆ ಪಡೆದ ನಂಜನಗೂಡು ರಸಬಾಳೆ ಪನಾಮಾ ಸೊರಗು ರೋಗದಿಂದಲೇ ಕಡಿಮೆಯಾಗುತ್ತಾ ಬಂದದ್ದು ನಮಗೆಲ್ಲ ಗೊತ್ತು. ಆದರೆ ಈ ಪ್ರಶ್ನೆ ಆ ಮಗುವಿನದು ಮಾತ್ರ. ಓದುವವರಿಗೆ ಬೇಕಾದ್ದೂ ಅದೇ.

ಇಂಗ್ಲಿಷಿನ ಭಯ

‘ನಮ್ಮ ಮಗು ಹತ್ತರ ತನಕ ಕನ್ನಡ ಮೀಡಿಯಂ, ಇಂಗ್ಲಿಷ್ ಅಷ್ಟು ಚೆನ್ನಾಗಿ ಬರಲ್ಲ’ ಅನ್ನುವವರು ಇದ್ದೀರಿ. ಮೊದಲ ಕರಡನ್ನು ಕನ್ನಡದಲ್ಲೇ, ಮನೆ ಮಾತಿನಲ್ಲೇ ಬರೆಯಲಿ. ಮನೆ ಮಾತು ಅಂದ್ರೆ ಕಡಿಮೆ ಅಂದುಕೊಳ್ಳಬೇಡಿ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಈ ಸೀಮೆಯ ಆಡುಮಾತಿನಲ್ಲೇ ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಬರೆದಿದ್ದು ಹೆಣ್ಣುಮಕ್ಕಳ ಮನೆಯೊಳಗಿನ ಬದುಕನ್ನೇ. ಅದನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಎಷ್ಟೋ ಕನ್ನಡ ಪದಗಳನ್ನು ಅಡಿಟಿಪ್ಪಣಿಯೂ ಇಲ್ಲದೆ ಹಾಗೇ ಉಳಿಸಿಕೊಂಡರು. ನಿಮ್ಮ ಮಗಳೂ ಇಂಗ್ಲಿಷ್ ಪ್ರಬಂಧದಲ್ಲಿ ‘ಅಜ್ಜಿ’ ಅಂತಲೇ ಬರೆಯಬಹುದು. ಕರಡು ಮುಗಿದ ಮೇಲೆ ಅದನ್ನು ಅವಳೇ ಸರಳ ಇಂಗ್ಲಿಷಿಗೆ ತರಲಿ. ವ್ಯಾಕರಣದ ತಪ್ಪನ್ನು ಇಂಗ್ಲಿಷ್ ಮೇಷ್ಟ್ರ ಹತ್ತಿರ ತೋರಿಸಿ ತಿದ್ದಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ತಪ್ಪು ತಿದ್ದುವುದು ಬೇರೆ, ಯೋಚನೆಯನ್ನೇ ಬದಲಿಸುವುದು ಬೇರೆ.

ಪ್ರಬಂಧದಲ್ಲಿ ನೀವೇ ಸಿಕ್ಕರೆ?

ಈಗ ಕಷ್ಟದ ಮಾತಿಗೆ ಬರೋಣ. ಮಗಳು ಬರೆದದ್ದನ್ನು ಓದುತ್ತೀರಿ. ಅದರಲ್ಲಿ ಅಪ್ಪನ ಕೆಲಸ ಹೋದ ವರ್ಷ ಇದೆ. ನೀವು ಬಳೆ ಒತ್ತೆ ಇಟ್ಟದ್ದು ಇದೆ. ಅವಳಿಗೆ ಕೇಳಿಸಲಿಲ್ಲ ಅಂತ ನೀವು ಅಂದುಕೊಂಡಿದ್ದ ಜಗಳವೂ ಇದೆ! ‘ಮನೆ ಮಾತು ಬೀದಿಗೆ ಹಾಕ್ತೀಯಾ?’ ಅಂತ ಬಾಯಿಗೆ ಬಂದೇ ಬರುತ್ತೆ. ಸಹಜ. ಆದರೆ ಆ ಕ್ಷಣ ಬಾಯಿ ಕಟ್ಟಿಕೊಳ್ಳಿ. ಒಂದು ರಾತ್ರಿ ಕಳೆಯಲಿ.

ಮರುದಿನ ಅವಳ ಜೊತೆ ಕೂತು ಮೂರು ವಿಷಯ ಕೇಳಿ. ಇದು ನಿಜವೇ? ಇದು ನಿನ್ನ ಕಥೆಯೋ ಅಥವಾ ಬೇರೆಯವರ ಗುಟ್ಟೋ? ಇನ್ನು ಹತ್ತು ವರ್ಷಕ್ಕೆ ಇದನ್ನು ಓದಿದರೆ ನಿನಗೆ ಸಂಕಟ ಆಗುತ್ತಾ? ಅಕ್ಕನ ಕಾಯಿಲೆ, ಅತ್ತೆಯ ಸಂಸಾರದ ವಿಷಯ ಅಂದರೆ ಅವರನ್ನು ಕೇಳಿಯೇ ಬರೆಯಬೇಕು. ಅವರು ಬೇಡ ಅಂದರೆ ಬೇಡ. ಆದರೆ ಮಗಳು ತಾನು ಕಂಡದ್ದನ್ನು, ಅದರಿಂದ ತಾನು ಕಲಿತದ್ದನ್ನು ಬರೆದಿದ್ದರೆ, ನಮ್ಮ ಮುಜುಗರಕ್ಕೋಸ್ಕರ ಅದನ್ನು ಕತ್ತರಿಸುವ ಹಕ್ಕು ನಮಗಿಲ್ಲ. ಮರ್ಯಾದೆ ಹೋಗೋದು ಕಷ್ಟ ಪಟ್ಟದ್ದಕ್ಕಲ್ಲ. ಬಳೆ ಒತ್ತೆ ಇಟ್ಟು ಫೀಸು ಕಟ್ಟಿದ ಅಮ್ಮನ ಬಗ್ಗೆ ಮಗಳು ಬರೆದರೆ ಅದರಲ್ಲಿ ನಾಚಿಕೆ ಪಡುವುದು ಏನಿದೆ, ನೀವೇ ಹೇಳಿ?

ಇದರ ಇನ್ನೊಂದು ಮಗ್ಗುಲೂ ಇದೆ. ‘ಸ್ವಲ್ಪ ಕಷ್ಟ ಸೇರಿಸು, ಸ್ಕಾಲರ್‌ಶಿಪ್ ಸಿಗುತ್ತೆ’ ಅಂತ ಕಣ್ಣೀರು ಬೆರೆಸಲು ಹೇಳುವವರಿದ್ದಾರೆ. ದಯವಿಟ್ಟು ಬೇಡ. ಮನೆಯ ವರಮಾನ ಹೇಳೋಕೆ ಬೇರೆ ಅರ್ಜಿ, ಬೇರೆ ದಾಖಲೆ ಇರುತ್ತವೆ. ಅಲ್ಲಿ ಇದ್ದದ್ದು ಇದ್ದ ಹಾಗೆ ಕೊಡಿ. ಪ್ರಬಂಧದಲ್ಲಿ ಬಡತನವನ್ನು ಮಾರಾಟಕ್ಕೆ ಇಡಬೇಕಿಲ್ಲ. ಹಾಗೇ, ತನ್ನ ನೋವಿನ ಬಗ್ಗೆ ಬರೆಯಲು ಇಷ್ಟವಿಲ್ಲದ ಮಗುವನ್ನು ಬಲವಂತ ಮಾಡಬೇಡಿ. ಜಾತಿಯ ಕಾರಣಕ್ಕೆ ಅವಮಾನ ಉಂಡ ಮಗು, ಮನೆಯಲ್ಲಿ ಸಾವು ಕಂಡ ಮಗು ಅದನ್ನು ಹೇಳಿಕೊಳ್ಳದೆಯೂ ಒಳ್ಳೆಯ ಪ್ರಬಂಧ ಬರೆಯಬಹುದು. ಸೈಕಲ್ ರಿಪೇರಿ, ರಂಗೋಲಿಯ ಚುಕ್ಕಿ ಲೆಕ್ಕ, ಬಸ್ ನಿಲ್ದಾಣದಲ್ಲಿ ಕಾಯುವಾಗ ಕಂಡದ್ದು ಯಾವುದಾದರೂ ಸರಿ. ಏನು ಹೇಳಬೇಕು, ಏನನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು ಅನ್ನುವ ತೀರ್ಮಾನ ಅವಳದೇ.

ಹಾಗಾದ್ರೆ ಅಮ್ಮಂದಿರಿಗೆ ಕೆಲಸವೇ ಇಲ್ವಾ? ಖಂಡಿತಾ ಇದೆ. ಮಗುವಿಗೆ ನೆನಪಿಲ್ಲದ್ದು ನಮಗೆ ನೆನಪಿರುತ್ತೆ. ಮೂರನೇ ಕ್ಲಾಸಿನಲ್ಲಿ ರೇಡಿಯೊ ಬಿಚ್ಚಿ ಮತ್ತೆ ಜೋಡಿಸಲಾಗದೆ ಅತ್ತದ್ದು, ಜಾತ್ರೆಯಲ್ಲಿ ಐದು ತೇರುಗಳ ಚಕ್ರ ಎಣಿಸುತ್ತಾ ನಿಂತುಬಿಟ್ಟದ್ದು. ಆ ನೆನಪುಗಳನ್ನು ಎತ್ತಿ ಕೊಡೋಣ. ವಾಕ್ಯ ಮಾತ್ರ ಅವರೇ ಕಟ್ಟಲಿ.

ಮನೆಯಲ್ಲೇ ಮಾಡಿ ನೋಡಿ

* ಪಿಯುಸಿ ಎರಡನೇ ವರ್ಷದ ಜೂನ್‌, ಜುಲೈಯಲ್ಲೇ ಶುರು ಮಾಡಿ. ಅಮೆರಿಕದ ಬಹುತೇಕ ಕಾಲೇಜುಗಳ ಕೊನೆಯ ದಿನ ನವೆಂಬರ್‌ನಿಂದ ಜನವರಿಯೊಳಗೆ ಬರುತ್ತದೆ.

* ಸೊಪ್ಪು ಬಿಡಿಸುವಾಗಲೋ ಬಟ್ಟೆ ಮಡಿಸುವಾಗಲೋ ದಿನಕ್ಕೆ ಒಂದೇ ಪ್ರಶ್ನೆ ಕೇಳಿ. ‘ನಿನಗೆ ಕೋಪ ಬಂದದ್ದು ಯಾವಾಗ? ನಿನ್ನ ಅಭಿಪ್ರಾಯ ಬದಲಾದದ್ದು ಯಾವಾಗ?’ ಉತ್ತರಕ್ಕೆ ಬುದ್ಧಿವಾದ ಸೇರಿಸಬೇಡಿ.

* ಮೊದಲ ಕರಡಿಗೆ ಪದಮಿತಿ ಬೇಡ. ಕತ್ತರಿಸುವುದು ಆಮೇಲೆ.

* ಬರೆದದ್ದನ್ನು ಜೋರಾಗಿ ಓದಿಸಿ. ಓದುವಾಗ ನಾಲಿಗೆ ತೊಡರುವ ಸಾಲು ಬಹುಶಃ ಅವಳದಲ್ಲ.

* ಹೆಸರು ಅಳಿಸಿ ಪಕ್ಕದ ಮನೆ ಹುಡುಗಿಯ ಹೆಸರು ಹಾಕಿ ನೋಡಿ. ಆಗಲೂ ಪ್ರಬಂಧ ಸರಿಹೊಂದಿದರೆ ಮತ್ತೆ ಬರೆಯಬೇಕು ಅಂತ ಅರ್ಥ.

* ಕಳಿಸುವ ಮುನ್ನ ‘ಇದರಲ್ಲಿ ಬರೆದಿರೋದು ನೀನೇನಾ?’ ಅಂತ ಕೇಳಿ. ‘ಹೂಂ’ ಅಂದರೆ ಕಳಿಸಲಿ. ಫಲಿತಾಂಶ ಏನೇ ಬಂದರೂ ಆ ‘ಹೂಂ’ ಅವಳ ಜೊತೆಗಿರುತ್ತೆ.