ಮದುವೆ ಸೀಸನ್ ಆಫರ್: ಕೆನ್ನೆ ಸುಡುವುದಕ್ಕೂ ಡಿಸ್ಕೌಂಟ್

ತಾಲ್ಲೂಕು ಕೇಂದ್ರಗಳ ಬಸ್ ಸ್ಟ್ಯಾಂಡ್ ಸುತ್ತ ಈಗ ಹೊಸ ನಮೂನೆ ಬ್ಯಾನರ್. ಒಂದು ಕಡೆ ಗುಳಿ ಬಿದ್ದ ಕೆನ್ನೆ, ಇನ್ನೊಂದು ಕಡೆ ಬೆಣ್ಣೆಯಂಥ ಕೆನ್ನೆ. ಕೆಳಗೆ ‘ಮೊಡವೆ ಕಲೆಗೆ ಲೇಸರ್, ಮದುವೆ ಸೀಸನ್ ಆಫರ್’. ಫೋನ್ ನಂಬರ್ ದಪ್ಪಕ್ಷರದಲ್ಲಿ ಇರುತ್ತದೆ. ಲೇಸರ್ ಹಿಡಿಯುವವರು ಏನು ಓದಿದ್ದಾರೆ ಅನ್ನೋದು ಮಾತ್ರ ಎಲ್ಲೂ ಇರಲ್ಲ.

ನನ್ನ ತಕರಾರು ಲೇಸರ್ ಮೇಲಲ್ಲ. ಬಲ್ಲವರ ಕೈಯಲ್ಲಿ ಅದು ಒಳ್ಳೆಯ ಚಿಕಿತ್ಸೆಯೇ. ಆದರೆ ಅದನ್ನು ಫೇಶಿಯಲ್ ಥರ ಮಾರುತ್ತಿದ್ದಾರಲ್ಲ, ಅದರ ಮೇಲೆ.

ಲೇಸರ್ ಕಲೆಯನ್ನು ಒರೆಸುವ ರಬ್ಬರ್ ಅಲ್ಲ, ಅದು ಸುಡುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರಿನ ಕಿರಣ ಬಿದ್ದಾಗ ಚರ್ಮದೊಳಗಿನ ನೀರು ಕುದಿದು ಆವಿಯಾಗುತ್ತದೆ. ಹಿಂದೆ ಮೇಲ್ಪದರವನ್ನೇ ಪೂರ್ತಿ ಕೆರೆದು ತೆಗೆಯುತ್ತಿದ್ದರು. 2004ರ ಹೊತ್ತಿಗೆ ಬಂದ ಫ್ರಾಕ್ಷನಲ್ ವಿಧಾನದಲ್ಲಿ ಜರಡಿಯ ತೂತಿನ ಹಾಗೆ ಚುಕ್ಕೆ ಚುಕ್ಕೆಯಾಗಿ ಸುಟ್ಟು, ನಡುವಿನ ಚರ್ಮವನ್ನು ಹಾಗೇ ಬಿಡುತ್ತಾರೆ. ಉಳಿದ ಚರ್ಮ ಗಾಯವನ್ನು ಬೇಗ ಮುಚ್ಚುತ್ತದೆ. ಒಳಗೆ ಹೊಸ ಕೊಲಾಜನ್ ಬೆಳೆದು ಗುಳಿ ಸ್ವಲ್ಪ ಮೇಲೇಳುತ್ತದೆ.

ಈ ‘ಸ್ವಲ್ಪ’ ಬ್ಯಾನರಿನಲ್ಲಿ ಕಾಣಲ್ಲ. ತಿಂಗಳು, ಒಂದೂವರೆ ತಿಂಗಳು ಬಿಟ್ಟು ಬಿಟ್ಟು ಹಲವು ಸಲ ಮಾಡಿಸಬೇಕು. ಫಲ ಕಾಣಲು ಇನ್ನೂ ತಿಂಗಳುಗಳು ಬೇಕು. ಸೂಜಿ ಚುಚ್ಚಿದಂತೆ ಆಳಕ್ಕಿಳಿದ ಸಣ್ಣ ಗುಳಿಗಳಿಗೆ ಲೇಸರ್ ಅಷ್ಟಾಗಿ ಕೆಲಸ ಮಾಡಲ್ಲ. ಅದಕ್ಕೆ ಗುಳಿಯೊಳಗೆ ಟಿಸಿಎ ಆಸಿಡ್ ಮುಟ್ಟಿಸುವ ವಿಧಾನವೇ ಬೇರೆ ಇದೆ. ಅಡಿಯಲ್ಲಿ ನಾರು ಎಳೆದುಕೊಂಡ ಅಗಲ ಗುಳಿಯಾದರೆ ಸೂಜಿ ಹಾಕಿ ನಾರು ಬಿಡಿಸುತ್ತಾರೆ. ಯಾವ ಗುಳಿಗೆ ಯಾವುದು ಎಂದು ಹೇಳಬೇಕಾದವರು ಚರ್ಮರೋಗ ತಜ್ಞರು. ಆಫರ್ ಕೊಡುವವರ ಬಳಿ ಒಂದೇ ಯಂತ್ರ ಇದ್ದರೆ ಎಲ್ಲ ಗುಳಿಗೂ ಅದೇ ಮದ್ದು.

ಇನ್ನು ನಮ್ಮ ಮೈಬಣ್ಣ. ಒಗ್ಗರಣೆ ಎಣ್ಣೆ ಸಿಡಿದ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುವುದನ್ನು ಯಾವ ಮನೆಯಲ್ಲಿ ನೋಡಿಲ್ಲ ಹೇಳಿ? ಲೇಸರ್ ಬಿದ್ದ ಕೆನ್ನೆಗೂ ಅದೇ ಆಗಬಹುದು. ಬಿಳಿ ಚರ್ಮಕ್ಕಿಂತ ಕಂದು ಚರ್ಮಕ್ಕೆ ಈ ಅಪಾಯ ಜಾಸ್ತಿ. ತಿಳಿದವರು ಶಕ್ತಿ ಕಡಿಮೆ ಇಟ್ಟು ಮಾಡುತ್ತಾರೆ, ವಾರಗಟ್ಟಲೆ ಬಿಸಿಲಿಗೆ ಹೋಗಬೇಡಿ ಅನ್ನುತ್ತಾರೆ. ಹತ್ತಿ ಬಿಡಿಸಲು ಹೋಗುವ ಹುಡುಗಿ ಬಿಸಿಲು ಬಿಟ್ಟು ಎಲ್ಲಿಗೆ ಹೋಗಬೇಕು? ಆ ದಿನಗಳ ಕೂಲಿ ಯಾರು ಕೊಡುತ್ತಾರೆ?

ಮದುವೆ ಗೊತ್ತಾದ ಮೇಲೆ ಒಡವೆ ಅಡವಿಟ್ಟೋ, ಸಂಘದ ಸಾಲ ಎತ್ತಿಯೋ ಲೇಸರ್ ಮಾಡಿಸಿದರೆ ಆರತಕ್ಷತೆ ಫೋಟೋದಲ್ಲಿ ಗುಳಿಯ ಜತೆ ಕಪ್ಪು ಮಚ್ಚೆಯೂ ಕಾಣಬಹುದು. (ಗಂಡಿನ ಕೆನ್ನೆಯ ಗುಳಿಗೆ ಸಾಲ ಎತ್ತಿದ ಮನೆ ನಾನಂತೂ ನೋಡಿಲ್ಲ.)

ಈ ಗುಳಿಗಳಲ್ಲಿ ಎಷ್ಟೋ ಬೀಳಲೇಬೇಕಾಗಿರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ಮೊಡವೆಗೆ ಶುರುವಿನಲ್ಲೇ ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್‌ನಂಥ ಜೆಲ್ ಡಾಕ್ಟರ್ ಹೇಳಿದಂತೆ ಹಚ್ಚಿದರೆ ಗುಳಿ ಕಡಿಮೆ. ಆದರೆ ಮೆಡಿಕಲ್ ಶಾಪಿನವರು ಚೀಟಿ ಕೇಳದೆ ಕೊಡುವುದು ‘ಬೆಳ್ಳಗಾಗುವ’ ಟ್ಯೂಬ್. ಎಷ್ಟೋ ಟ್ಯೂಬುಗಳಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್‌ನಂಥ ಸ್ಟೀರಾಯ್ಡ್ ಇರುತ್ತದೆ. ನಾಲ್ಕು ದಿನ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ, ಮೊಡವೆ ಇನ್ನಷ್ಟು ಏಳುತ್ತದೆ. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಕೇಂದ್ರ ಸರ್ಕಾರ 2018ರಲ್ಲೇ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಅಂಗಡಿಯಲ್ಲಿ ಅದು ಬಿಸ್ಕತ್ತಿನ ಥರ ಹೋಗುತ್ತಿದೆ.

ಖಾಸಗಿ ಕ್ಲಿನಿಕ್‌ಗಳಿಗೂ 2007ರ ರಾಜ್ಯ ಕಾಯ್ದೆ ಇದೆ, ಕೆಪಿಎಂಇ ಅಂತಾರೆ. ನೋಂದಣಿ ಇರಬೇಕು, ದರಪಟ್ಟಿ ಕಾಣುವಂತೆ ಹಾಕಬೇಕು. ಲೇಸರ್ ಮಾಡುವ ಪಾರ್ಲರಿಗೆ ಹೋಗಿ ಆ ನೋಂದಣಿ ಪತ್ರ ತೋರಿಸಿ ಅನ್ನಿ. ‘ಡಾಕ್ಟರ್ ಬೆಂಗಳೂರಿನಿಂದ ಬರ್ತಾರೆ’ ಅಂದರೆ ಅವರ ಹೆಸರು, ಡಿಗ್ರಿ, ವೈದ್ಯಕೀಯ ಪರಿಷತ್ತಿನ ನಂಬರ್ ಬರೆದುಕೊಡಿ ಅನ್ನಿ. ಕೊಡದಿದ್ದರೆ ಬ್ಯಾನರಿನ ಫೋಟೋ ತೆಗೆದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಮುಖ ತೋರಿಸಲು ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಬೆಳಿಗ್ಗೆ ಬೇಗ ಹೋಗಿ, ಕ್ಯೂ ಉದ್ದ ಇರುತ್ತದೆ.